ಓರೆ ಹೋದ ಬೈರಿಗೆ

ಆದಿಲಕ್ಷ್ಮಿ ನೀರಿನ ಚೊಂಬು ಇಟ್ಟು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಬೈರಿಗೆ ತಿರುಗಿಸುತ್ತಿದ್ದ ಮುನಿಶಾಮಿಯ ಮುಂಗೈ ನೋಡುತ್ತ ನಿಂತಳು. ಅವನು ತಲೆ ಎತ್ತಿದ. ಕಣ್ಣು ಕಣ್ಣು ಸೇರಿದ್ದು ಒಂದು ಗಳಿಗೆ ಅಷ್ಟೇ, ಅಷ್ಟರಲ್ಲಿ ಬೈರಿಗೆಯ ಮೊನೆ ಓರೆಯಾಗಿ ಎಮ್ಮೆ ಕೊಂಬಿನ ಪಟ್ಟಿಯೊಳಗೆ ಇಳಿದುಬಿಟ್ಟಿತ್ತು.

"ಕೆಟ್ಟೋಯ್ತು," ಅಂದ ಅವನು ಮೆತ್ತಗೆ.

ಕೆಟ್ಟದ್ದು ಬರೀ ಕೊಂಬಲ್ಲ. ಅವಳ ಅಪ್ಪ, ಮುಳಬಾಗಿಲಿನ ಕ್ಷೌರದ ಚನ್ನರಾಯಪ್ಪನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಕೇಳಲು ಬಂದವನು ಹುಡುಗಿಯ ಮನೆಯ ಜಗಲಿಯಲ್ಲಿ ಒಬ್ಬನೇ ಕೂತು, ಮಾವನ ಮಡಿಸುವ ಕತ್ತಿಗೆ ಹೊಸ ಹಿಡಿ ಹಾಕಿಕೊಡಬೇಕು. ಅದೇ ಕತ್ತಿಯಲ್ಲಿ ಮಾವ ಅವನ ಗಡ್ಡ ಬೋಳಿಸುತ್ತಾನೆ. ಅಲಗು ಎಲ್ಲೂ ತಾಗದೆ ಹಿಡಿಯೊಳಗೆ ಮಡಿಸಿಕೊಂಡರೆ ಹೆಣ್ಣು ಅವನಿಗೆ. ತಾಗಿದರೆ ಊಟ ಹಾಕಿ ಕಳಿಸುತ್ತಾರೆ. ಊಟವನ್ನಂತೂ ಚೆನ್ನಾಗಿಯೇ ಹಾಕುತ್ತಾರೆ.

ಮುನಿಶಾಮಿಯನ್ನು ಕಳಿಸಬೇಕಾಗಿ ಬಂದರೆ ಶ್ರೀನಿವಾಸಪುರದ ಸಂಬಂಧಕ್ಕೆ ಒಪ್ಪಿಗೆ ಹೇಳುವುದೆಂದು ಅಪ್ಪ ಬೆಳಗ್ಗೆಯೇ ಹೇಳಿ, ನಂಗಲಿಯ ಗಿರಾಕಿಗಳ ಕಡೆಗೆ ಹೊರಟಿದ್ದ. ಆ ಸಂಬಂಧದವನಿಗೆ ಮೊದಲ ಹೆಂಡತಿಯ ನೆನಪು ಜಾಸ್ತಿ, ತಲೆಗೂದಲು ಕಡಿಮೆ.

ಯುದ್ಧದ ಕಾಲ ಬೇರೆ. ಹಡಗಿನಲ್ಲಿ ಸೀಮೆ ಕತ್ತಿ ಬರುವುದು ನಿಂತು ಎರಡು ವರ್ಷವಾಗಿತ್ತು. ಹಿಡಿಗೆ ಬೇಕಾದ ಕೊಂಬಿನ ಪಟ್ಟಿಗಳೂ ಮನೆಯಲ್ಲಿದ್ದದ್ದು ಒಂದೇ ಜೋಡಿ.

ಮುನಿಶಾಮಿ ಪಟ್ಟಿಗಳ ನಡುವೆ ಅಲಗು ಇಟ್ಟು, ತೂತಿಗೆ ಕಡ್ಡಿ ತೂರಿಸಿ ಮಡಿಸಿದ. ಕೆಳಗಿನ ಪಟ್ಟಿಯಲ್ಲಿ ತೂತು ಪಕ್ಕಕ್ಕೆ ಸರಿದಿತ್ತು. ಅಲಗಿನ ತುದಿ ಪಟ್ಟಿಗೆ ಉಜ್ಜಿ ಕಿರ್ರೆಂದಿತು.

"ಒಳಗಡೆ ಒಂಚೂರು ಕೆರೆದು ಮೇಣ ಮೆತ್ತಿದ್ರೆ ಕಾಣಲ್ಲ," ಅಂದ.

"ಅಪ್ಪನ ಕಣ್ಣು ಮಂಜಾಗಿರಬಹುದು ಬಾವ. ಹೆಬ್ಬೆರಳು ಮಂಜಾಗಿಲ್ಲ. ಇತ್ಲಾಗೆ ಕೊಡಿ."

"ನೀನು ಮುಟ್ಟೋ ಹಾಗಿಲ್ವಲ್ಲ ಲಕ್ಷ್ಮಿ."

"ನಾನು ಶ್ರೀನಿವಾಸಪುರಕ್ಕೆ ಹೋಗೋ ಹಾಗೂ ಇಲ್ಲ."

ಒಳಗೆ ಅಜ್ಜಿ ದೊಡ್ಡಗಂಗಮ್ಮ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಸದ್ದು ಇರುವಷ್ಟು ಹೊತ್ತು ಭಯವಿಲ್ಲ. ಅಮ್ಮ ಹೋದ ಮೇಲೆ ಅಪ್ಪನ ಕತ್ತಿಗಳ ರಿಪೇರಿಯೆಲ್ಲ ಆದಿಲಕ್ಷ್ಮಿಯದೇ. ಸಣ್ಣ ಗುಂಡು ಅರದಿಂದ ಓರೆ ತೂತನ್ನು ಅಗಲ ಮಾಡಿ ನೇರಕ್ಕೆ ತಂದಳು. ಮಿಕ್ಕಿದ ಕೊಂಬಿನ ಚೂರನ್ನು ಬೆಣೆಯಾಗಿ ಕೆತ್ತಿ, ಬಿಸಿ ಅರಗಿನಲ್ಲಿ ಅದ್ದಿ, ತೂತಿಗೆ ಬಡಿದು ಮುಚ್ಚಿದಳು. ಆರಿದ ಮೇಲೆ ತಿಕ್ಕಿ ನುಣ್ಣಗೆ ಮಾಡಿ, ಎರಡು ಪಟ್ಟಿಗಳನ್ನೂ ಜೋಡಿಸಿ ದಾರದಿಂದ ಬಿಗಿದಳು.

"ಒಂದೇ ಕಡೆಯಿಂದ ಕೊರೆದದ್ದೇ ತಪ್ಪು. ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕೊರೀರಿ. ಮಧ್ಯದಲ್ಲಿ ಸೇರ್ಬೇಕು."

"ಸೇರುತ್ತಾ?"

"ಕೊಂಬು ನೋಡಿದ್ರೆ ಸೇರುತ್ತೆ. ನನ್ನ ನೋಡಿದ್ರೆ ಇಲ್ಲ."

ಅವನು ನಕ್ಕ. ಅವಳು ಪಟ್ಟಿಗಳನ್ನು ಅದುಮಿ ಹಿಡಿದಳು. ಅವನ ಕಿರುಬೆರಳು ಅವಳ ಬೆರಳಿಗೆ ತಾಗಿತು, ಇಬ್ಬರೂ ಸರಿಸಲಿಲ್ಲ. ಈ ಮನುಷ್ಯ ತನಗೆ ಬೇಕೇ ಬೇಕು ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿದ್ದು ಆಗಲೇ.

ಬೈರಿಗೆ ನೇರವಾಗಿ ಇಳಿಯಿತು. ಅಲಗು ಸೇರಿಸಿ ಹಿತ್ತಾಳೆ ಮೊಳೆ ಬಡಿಯುವಷ್ಟರಲ್ಲಿ ಬೀಸುವ ಕಲ್ಲು ನಿಂತಿತು. ಬೀದಿಯಲ್ಲಿ ಅಪ್ಪನ ಕೆಮ್ಮು ಕೇಳಿತು.

"ಪೂರ್ತಿ ನಾನೇ ಮಾಡ್ದೆ ಅನ್ನಿ," ಎಂದು ಪಿಸುಗುಟ್ಟಿ ಅವಳು ಒಳಗೆ ಓಡಿದಳು.

ಬಾಗಿಲ ಸಂದಿಯಿಂದ ನೋಡಿದಳು. ಚನ್ನರಾಯಪ್ಪ ಕತ್ತಿ ಬಿಚ್ಚಿದ, ಮಡಿಸಿದ. ಸದ್ದಿಲ್ಲ. ಮುನಿಶಾಮಿಯ ಮುಖಕ್ಕೆ ನೊರೆ ಹಚ್ಚಿ ಎಡಗೆನ್ನೆ ಬೋಳಿಸಿದ. ಅಲಗು ಗಂಟಲಿಗೆ ಬಂದಾಗ ಅಪ್ಪನ ಹೆಬ್ಬೆರಳು ಹಿಡಿಯ ಮೇಲೆ ತಟಕ್ಕನೆ ನಿಂತಿತು.

"ಏಮಯ್ಯಾ, ಇಲ್ಲೊಂದು ಬೆಣೆ ಇದೆ."

"ಇದೆ ಮಾಮ."

"ಯಾರು ಹಾಕಿದ್ದು?"

ನಾನೇ ಅನ್ನು, ನಾನೇ ಅನ್ನು ಎಂದು ಆದಿಲಕ್ಷ್ಮಿ ಒಳಗೊಳಗೇ ಗೋಗರೆದಳು. ಗಂಟಲ ಮೇಲೆ ಕತ್ತಿ ಇಟ್ಟುಕೊಂಡವನಿಗೆ ಒಂದು ಸುಳ್ಳು ಹೇಳಲು ಏನು ರೋಗ?

"ಲಕ್ಷ್ಮಿ ಹಾಕಿದ್ದು," ಅಂದ ಮುನಿಶಾಮಿ, ಗಂಟಲು ಅಲುಗಿಸದೆ. "ತೂತು ಕೆಡಿಸಿದ್ದು ನಾನು. ಅವಳ್ನ ನೋಡ್ತಾ ಇದ್ದೆ. ಸುಳ್ಳು ಹೇಳಿ ಕರ್ಕೊಂಡು ಹೋದ್ರೆ ದಿನಾ ಅವಳ ಮುಖ ಹೆಂಗ್ ನೋಡ್ಲಿ ಮಾಮ?"

ಅಪ್ಪ ಅಲಗು ಒರೆಸಿ ಮಡಿಸಿಟ್ಟ. ಮುನಿಶಾಮಿಯ ಅರ್ಧ ಮುಖ ಇನ್ನೂ ನೊರೆಯಲ್ಲೇ ಇತ್ತು. ಇನ್ನೇನು, ಊಟಕ್ಕೆ ಎಲೆ ಹಾಕು ಅನ್ನುತ್ತಾನೆ ಎಂದುಕೊಂಡ ಆದಿಲಕ್ಷ್ಮಿಗೆ ಅಳು ಒತ್ತರಿಸಿ ಬಂತು.

"ಲಕ್ಷ್ಮೀ, ಬಾ ಇಲ್ಲಿ."

ಬಂದಳು.

"ಎರಡು ಕಡೆಯಿಂದ ಕೊರೆಸಿದ್ಯಾ?"

"ಹೂಂ ಅಪ್ಪ."

"ಬೆಣೆ ಮುಟ್ಟಿದ ತಕ್ಷಣ ನಿನ್ನ ಕೈ ಅಂತ ಗೊತ್ತಾಯ್ತು. ಇವನು ತನ್ನದು ಅಂದಿದ್ರೆ ಊಟ ಹಾಕಿ ಕಳಿಸ್ತಿದ್ದೆ."

ಅಪ್ಪ ಮತ್ತೆ ಕತ್ತಿ ಬಿಚ್ಚಿ, ಅಳಿಯನಾಗುವವನ ಗದ್ದ ಹಿಡಿದು ಬಲಗೆನ್ನೆ ತನ್ನ ಕಡೆಗೆ ತಿರುಗಿಸಿಕೊಂಡ.

"ಇನ್ಮೇಲೆ ಬೈರಿಗೆ ಹಿಡಿಯೋವಾಗ ಇವಳನ್ನ ಎದುರಿಗೆ ನಿಲ್ಲಿಸ್ಕೋಬೇಡ. ಪಕ್ಕದಲ್ಲಿ ಕೂರಿಸ್ಕೋ. ನಗಬೇಡವೋ, ಕೊಯ್ಯುತ್ತೆ."

ಆದಿಲಕ್ಷ್ಮಿ ಈ ಸಲ ಕಂಬದ ಹತ್ತಿರ ನಿಲ್ಲಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಂದು ಅವನ ಪಕ್ಕದಲ್ಲಿ ಕೂತಳು.