ಕಾಗದದ ಬೆನ್ನಿನ ಲೂಡೋ

“ಮತ್ತ ಎರಡ!” ಮಡಿವಾಳ ದಾಳವನ್ನು ನೆಲಕ್ಕೆ ಕುಟ್ಟಿದ. “ಈ ದಾಳದಾಗ ಬ್ಯಾರೆ ಅಂಕಿನ ಇಲ್ಲೇನ?”

“ನೀ ಒಗ್ಯೂದ ಹಂಗ,” ಎಂದಳು ನಿರುಪಮಾ. “ನಾ ಒಗದಾಗ ಆರು ಬಿತ್ತಲ್ಲ?”

“ಒಮ್ಮಿ ಬಿತ್ತು. ಅದೂ ಮೂಟಿಗೆ ಬಡದು ಹೊಳ್ಳಿ ಬಿತ್ತು. ಚೀಟಿಂಗ್!”

ಇಬ್ಬರೂ ಅಟ್ಟದ ಮೇಲೆ ಹತ್ತಿ ಮೂಟೆಗಳ ನಡುವೆ ಕೂತಿದ್ದರು. ನಿರುಪಮಾಳ ಅಪ್ಪ ಚನ್ನಯ್ಯ, ಮಡಿವಾಳನ ಅಪ್ಪ ಶಾಂತಯ್ಯ, ಇಬ್ಬರೂ ಅಣ್ಣತಮ್ಮಂದಿರು. ಒಂದೇ ಮನೆ, ಒಂದೇ ಹತ್ತಿ ವ್ಯಾಪಾರ. ಮಕ್ಕಳಿಬ್ಬರೂ ಹುಟ್ಟಿದಾಗಿನಿಂದ ಜೊತೆಗೇ ಉಂಡವರು, ಜೊತೆಗೇ ಜಗಳಾಡಿದವರು.

ದಾಳ ಮೆತ್ತನೆಯ ಕಟ್ಟಿಗೆಯದು. ಒಂದು ಮೂಲೆ ಆಗಲೇ ಸವೆದಿತ್ತು. ಹೇಗೆ ಎಸೆದರೂ ಓಲಾಡಿ ಓಲಾಡಿ ಎರಡಕ್ಕೇ ಬಂದು ಕೂಡುತ್ತಿತ್ತು. ಕಾಯಿಗಳ ಬಣ್ಣವೂ ಕಚ್ಚಾ. ಆಡಿ ಎದ್ದರೆ ಮಡಿವಾಳನ ಬೆರಳು ಹಸಿರು, ನಿರುಪಮಾಳ ಬೆರಳು ಕೆಂಪು.

“ನಾ ಆಡೂದಿಲ್ಲ ಹೋಗ!” ಮಡಿವಾಳ ಬೋರ್ಡು ಮಡಚಲು ಹೋದ.

“ಸೋಲಾಕತ್ತಿ ಅಂತ ಓಡಿ ಹೊಂಟಿ ಏನ? ಬಿಡ!” ನಿರುಪಮಾ ಇನ್ನೊಂದು ಕಡೆ ಹಿಡಿದು ಎಳೆದಳು.

ಟರ್ರ್!

ನಡುವಿನ ಮಡಿಕೆ ಉದ್ದಕ್ಕೆ ಸೀಳಿತು. ಕೆಂಪು ಮನೆ ಹಳದಿ ಮನೆ ಅವಳ ಕೈಯಲ್ಲಿ, ಹಸಿರು ನೀಲಿ ಅವನ ಕೈಯಲ್ಲಿ. ಸೀಳಿನ ಅಂಚಿಗೆ ತೆಳ್ಳನೆಯ ಕಾಗದ ಜೋತಾಡುತ್ತಿತ್ತು. ಅದರ ಒಳಗೆ ಹಳೆಯ ರದ್ದಿ ಬಿಟ್ಟರೆ ಏನೂ ಇರಲಿಲ್ಲ.

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಆಯಿ ಹೇಳಿದ್ಲು,” ಮಡಿವಾಳ ಪಿಸುಗುಟ್ಟಿದ.

ಆಯಿ ಅಂದರೆ ದಾನವ್ವ, ಅವರ ಅಪ್ಪಂದಿರ ತಾಯಿ. ಶಾಂತಯ್ಯ ಕಾಕಾ ಈ ಆಟ ತಂದ ದಿನವೇ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದಳು: “ಶಾಂತ್ಯಾ, ಯಾಕ ತಂದ್ಯೋ ಇದನ್ನ? ದಾಳ ಉರುಳಿದ ಮನಿ ಒಡೀತೈತಿ.”

ಕಾಕಾ ನಗಲಿಲ್ಲ. “ಹುಡುಗುರು ಅಟ್ಟದ ಮ್ಯಾಲ ಆಡ್ತಾವ ಬಿಡಬೇ,” ಎಂದಿದ್ದ.

ಯಾವುದಕ್ಕೂ ಒಪ್ಪದ ನಿರುಪಮಾಳ ಅಪ್ಪನೂ ಆವತ್ತು ಕಾಕಾನ ಮಾತಿಗೆ ಹೂಂಗುಟ್ಟಿದ್ದ. “ಹೂಂ, ಮ್ಯಾಲ ಆಡ್ರಿ. ಕರ್ಯೂತನಕ ಕೆಳಗ ಬರಬ್ಯಾಡ್ರಿ.”

ಈಗ ಕೆಳಗಿನಿಂದ ಕಾಕಾನ ದನಿ ಕೇಳಿಸಿತು. ದಾಳದ ಸದ್ದು ನಿಂತದ್ದಕ್ಕೋ ಏನೋ, ಬಹಳ ಸ್ಪಷ್ಟವಾಗಿ ಕೇಳಿಸಿತು. “ಅಣ್ಣಾ, ಒಂದರೆ ಮಾತ ನಂದೂ ಕೇಳು!” ಆಮೇಲೆ ಏನೋ ಬಿದ್ದ ಸದ್ದು.

ಅವತ್ತೇ ಸಂಜೆ ನಿರುಪಮಾ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಮಡಿವಾಳನ ತಾಯಿ ಕಸ್ತೂರೆವ್ವ ಕಾಕು ಎದುರು ಮೂಲೆಯಲ್ಲಿ ಮೂರು ಕಲ್ಲು ಇಟ್ಟು ಇನ್ನೊಂದು ಒಲೆ ಹೂಡುತ್ತಿದ್ದಳು. ಅವ್ವ ತನ್ನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಇಬ್ಬರ ಬೆನ್ನೂ ಒಂದಕ್ಕೊಂದು ತಿರುಗಿದ್ದವು.

ನಿರುಪಮಾ ನೀರು ಕುಡಿಯದೆ ಹೊರಗೆ ಬಂದಳು.

“ಮಡ್ಯಾ, ಬ್ಯಾರೆ ಒಲಿ ಹೂಡ್ಯಾರೋ.”

ಮಡಿವಾಳನ ಮುಖ ಸಪ್ಪಗಾಯಿತು. “ನಾವಾ ಹರದೀವಿ.”

“ಹರದದ್ದು ಹಚ್ಚಿದ್ರ?”

“ಹಚ್ಚಿದ್ರ ಏನಾಗ್ತೈತಿ?”

“ಹಚ್ಚಿ ನೋಡೂಣು,” ಎಂದಳು ನಿರುಪಮಾ. ಹಚ್ಚಿದರೆ ಏನಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಶಾಲೆ ಬಿಟ್ಟೊಡನೆ ಅವಳು ಆಯಿಯ ಹತ್ತಿರ ಹೋದಳು. “ಆಯಿ, ಒಂದ ಗಟ್ಟಿ ಅರವಿ ಚೂರ ಬೇಕಾಗಿತ್ತು.”

“ಯಾಕ?”

“ಹಿಂಗಾ. ಸಾಲ್ಯಾಗ ಬೇಕಂತ.”

ಆಯಿ ಅವಳ ಮುಖ ನೋಡಿದಳು. ಮತ್ತೇನೂ ಕೇಳದೆ ಗಂಟು ಬಿಚ್ಚಿ, ಹಳೆಯ ಇಳಕಲ್ಲ ಸೀರೆಯ ದಡಿ ಹರಿದುಕೊಟ್ಟಳು. ಕೆಂಪು ದಡಿ. ಇನ್ನೂ ಗಟ್ಟಿಯಾಗಿತ್ತು.

ಇನ್ನು ಅಂಟು. ಗೋಧಿ ಹಿಟ್ಟಿಗೆ ನೀರು ಹಾಕಿ ಕುದಿಸಬೇಕು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಕೆಯ ಒಲೆಯಲ್ಲಿ ಬರೀ ಬೂದಿ. ಕಾಕುವಿನ ಒಲೆಯಲ್ಲಿ ಕೆಂಡ ನಿಗಿನಿಗಿ ಇತ್ತು.

“ಕಾಕು, ಇದನ್ನೊಂಚೂರ ಇಡ್ಲೇನ್ರಿ?”

“ಇಡ ನನ್ನವ್ವಾ. ಅದಕ್ಕೇನ ಕೇಳ್ತಿ?” ಕಾಕು ತಾನೇ ಅವಳ ಕೈಯಿಂದ ಹಿಟ್ಟಿನ ತಾಟಲಿ ತೆಗೆದುಕೊಂಡು, ಗಂಟಾಗದ ಹಾಗೆ ಕೈಯಾಡಿಸಿಕೊಟ್ಟಳು.

ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸುತ್ತ ಒಳಗೆ ಬಂದಳು. ತಾಟಲಿ ನೋಡಿದಳು, ಒಲೆ ನೋಡಿದಳು.

“ನಮ್ಮ ಒಲಿ ಸತ್ತಿತ್ತೇನ ನಿರೂ? ಮಂದಿ ಬೆಂಕಿ ಬೇಕಾತ ನಿನಗ?”

ಕಾಕು ತಲೆ ಎತ್ತಲಿಲ್ಲ. “ಅಕ್ಕಾರ, ನಾ ಮಂದಿ ಆದ್ನೇನ್ರಿ?”

“ಕಲ್ಲ ಇಟ್ಟಾವ್ರು ಯಾರು? ನಾನೇನ?”

“ಕೂಸಿನ ಮುಂದ ಬ್ಯಾಡ್ರಿ.”

“ಹೂಂ, ಕೂಸಿನ ಮುಂದ ಬ್ಯಾಡ. ನೆನಪ ಮಾಡಿಕೊಟ್ಟಿ, ಛಲೋ ಆತು.”

ಅವ್ವ ಕೊಡಪಾನವನ್ನು ಸದ್ದಾಗುವಂತೆ ಇಟ್ಟು ಹೊರಗೆ ಹೋದಳು. ಕಾಕು ಅಂಟನ್ನು ಕೆಳಗಿಳಿಸಿ, “ಒಯ್ಯಿ, ಆರ್ತೈತಿ,” ಎಂದಳು. ಹೊಗೆ ಇರಲಿಲ್ಲ, ಆದರೂ ಕಣ್ಣು ಒರೆಸಿಕೊಂಡಳು.

ಹಚ್ಚಲು ಹೋಗಿ ಇನ್ನಷ್ಟು ಹರಿದೆ ಎಂದು ನಿರುಪಮಾಗೆ ಅಳು ಬಂತು. ಅಳುತ್ತ ಕೂತರೆ ಅಂಟು ಗಟ್ಟಿಯಾಗಿಬಿಡುತ್ತದೆ ಎಂದು ನುಂಗಿಕೊಂಡು ಅಟ್ಟ ಹತ್ತಿದಳು.

ಇಬ್ಬರೂ ಎರಡೂ ಹೋಳುಗಳನ್ನು ಅಂಚಿಗೆ ಅಂಚು ಕೂಡಿಸಿ ಬೆನ್ನಿಗೆ ಅಂಟು ಬಳಿದರು. ಮೇಲೆ ದಡಿ ಹಚ್ಚಿದರು. ಮಡಿವಾಳ ಹೆಬ್ಬೆರಳಿನಿಂದ ಒತ್ತುತ್ತ ಹೋದ. ಅವನ ಬೆರಳಿನ ಹಸಿರು ಕೆಂಪು ದಡಿಯ ಮೇಲೆ ಅಲ್ಲಲ್ಲಿ ಮೂಡಿತು. ಆಮೇಲೆ ಒಂದು ಹತ್ತಿ ಮೂಟೆಯನ್ನು ಬೆನ್ನು ಕೊಟ್ಟು ನೂಕಿ, ಬೋರ್ಡಿನ ಮೇಲೆ ಕೆಡವಿದರು.

“ಈಗ ಏನಾಗ್ತೈತಿ?” ಮಡಿವಾಳ ಕೇಳಿದ.

“ಒಣಗೂತನಕ ತಡಿ.”

ಬೋರ್ಡು ಒಣಗಿತೋ ಇಲ್ಲವೋ ನೋಡುವ ಮೊದಲೇ ಎತ್ತಿನ ಚಕ್ಕಡಿ ಬಂತು.

ರವಿವಾರ ಮುಂಜಾನೆ. ಊರ ಆಚೆ ಬದಿಯ ಕೇಶ್ವಾಪುರದಲ್ಲಿ ಕಾಕಾ ಮನೆ ಹಿಡಿದಿದ್ದಾನಂತೆ. ನೀರಿನ ನಳ ಇದೆಯಂತೆ, ಲೈಟು ಇದೆಯಂತೆ. ಮಂಚ, ಟ್ರಂಕು, ಕಾಳಿನ ಗಡಿಗೆಗಳು ಒಂದೊಂದಾಗಿ ಚಕ್ಕಡಿ ಏರುತ್ತಿದ್ದವು. ಅಪ್ಪ ಅಂಗಡಿಗೆ ಹೋಗಿಬಿಟ್ಟಿದ್ದ. ರವಿವಾರ ಅಂಗಡಿ ತೆರೆಯುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಿರುಪಮಾ ಅಟ್ಟಕ್ಕೆ ಓಡಿದಳು. ಒಬ್ಬಳೇ ಮೂಟೆ ಸರಿಸಿ ಬೋರ್ಡನ್ನು ಎಳೆದಳು. ಕೂಡಿತ್ತು! ನೆಟ್ಟಗೆ ಹಲಗೆಯ ಹಾಗೆ ನಿಂತಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು ಏಣಿ ಇಳಿದು ಅಂಗಳಕ್ಕೆ ಬಂದಳು.

“ಕಾಕಾ! ಕಾಕಾ, ನೋಡ್ರಿ, ಬೋರ್ಡ ಕೂಡೇತ್ರಿ! ನಾವಾ ಹರದಿದ್ವಿ, ನಾವಾ ಹಚ್ಚೀವಿ. ಇನ್ನ ಹರ್ಯೂದಿಲ್ರಿ.”

ಕಾಕಾ ಹಗ್ಗ ಬಿಗಿಯುತ್ತಿದ್ದವನು ನಿಂತ. ಬೋರ್ಡನ್ನು ತಿರುವಿ ನೋಡಿದ. ದಡಿಯ ಮೇಲೆ ಕೈಯಾಡಿಸಿದ. ಆ ಸೀರೆ ಅವನಿಗೆ ಗುರುತಿತ್ತು.

“ಇದನ್ನ ಕೊಂಡ ಅಹಮದಸಾಬನ ಅಂಗಡ್ಯಾಗೂ ಇಷ್ಟ ಗಟ್ಟಿ ಸಿಗೂದಿಲ್ಲವ್ವ,” ಎಂದ. “ನಿನ್ನ ಕಡೆನ ಇಟ್ಕೋ.”

“ಹಂಗಲ್ರಿ ಕಾಕಾ. ಕೂಡೇತಲ್ರಿ. ನೀವು ಯಾಕ...”

ಕಾಕಾ ತಿರುಗಿ ಹಗ್ಗ ಎಳೆದ.

ಮಡಿವಾಳ ಚಕ್ಕಡಿಯಿಂದ ಇಳಿದು ಬಂದು ಮುಷ್ಟಿ ಬಿಚ್ಚಿ ತೋರಿಸಿದ. ನಾಲ್ಕು ಹಸಿರು ಕಾಯಿ. “ಇವನ್ನ ನಾ ಒಯ್ಯಾಕತ್ತೇನಿ. ಬ್ಯಾರೆ ಯಾರಿಗೂ ಹಸರು ಕೊಡಬ್ಯಾಡ, ತಿಳೀತಿಲ್ಲೋ? ನಾ ಬರ್ತೇನಿ.”

“ಯಾವಾಗ?”

ಅವನು ತನ್ನ ಅಪ್ಪನ ಕಡೆ ನೋಡಿದ. ಕಾಕಾ ಎತ್ತಿನ ಕಡೆ ನೋಡುತ್ತಿದ್ದ.

ಅವ್ವ ಹೊರಗೆ ಬರಲಿಲ್ಲ. ಚಕ್ಕಡಿ ಓಣಿಯ ತಿರುವು ದಾಟುವಾಗ ಮಾತ್ರ ಕಿಟಕಿಯ ಹತ್ತಿರ ಬಳೆಯ ಸದ್ದಾಯಿತು.

ಮಧ್ಯಾಹ್ನ ನಿರುಪಮಾ ಪಡಸಾಲೆಯಲ್ಲಿ ಬೋರ್ಡು ಹಾಸಿಕೊಂಡು ಕೂತಿದ್ದಳು. ಮಡಚಿ ಡಬ್ಬಿಗೆ ಹಾಕಲು ನೋಡಿದಳು, ಮಡಚಲಿಲ್ಲ. ಅಂಟು ಅಷ್ಟು ಗಟ್ಟಿಯಾಗಿತ್ತು. ಅಟ್ಟಕ್ಕೆ ಹೋಗಲು ಮನಸ್ಸಾಗಲಿಲ್ಲ. ಈಗ ಅಟ್ಟಕ್ಕೆ ಹೋಗು ಎಂದು ಯಾರೂ ಹೇಳುತ್ತಲೂ ಇರಲಿಲ್ಲ.

ದುರ್ಗದಬೈಲಿನ ಪೇಟೆಯಲ್ಲಿ ಆಟ ಕೊಂಡ ದಿನ ಅವಳಿಗೆ ನೆನಪಾಯಿತು. ಆವತ್ತು ಅವಳಾಗಲೀ ಮಡಿವಾಳನಾಗಲೀ ಆಟ ಬೇಕೆಂದು ಕೇಳಿರಲಿಲ್ಲ. ಕಾಕಾ ತಾನಾಗಿಯೇ ಅಂಗಡಿಯ ಮುಂದೆ ನಿಂತಿದ್ದ. ಅಹಮದಸಾಬ ಎರಡು ಬೋರ್ಡು ತೋರಿಸಿದ್ದ.

“ಇದು ಬಟ್ಟಿ ಬೆನ್ನಿಂದ್ರಿ ಸಾವ್ಕಾರ್ರ, ನಿಮ್ಮ ಮೊಮ್ಮಕ್ಕಳೂ ಆಡ್ತಾರ. ಇದು ಕಾಗದದ ಬೆನ್ನಿಂದು. ಹರೀತೈತ್ರಿ, ಮೊದಲ ಹೇಳೇನಿ. ಆಮ್ಯಾಗ ನನ್ನ ಬೈಬ್ಯಾಡ್ರಿ.”

ಕಾಕಾ ಎರಡನ್ನೂ ನೋಡಿ ಕಾಗದದ್ದನ್ನೇ ಎತ್ತಿಕೊಂಡಿದ್ದ.

“ಇದಾ ಸಾಕ ಅಹಮದಸಾಬ. ಬಾಳ ದಿನ ಬೇಕಾಗೂದಿಲ್ಲ.”

ಆಗ ಅವಳು ಕಾಕಾ ಜಿಪುಣ ಎಂದುಕೊಂಡಿದ್ದಳು. ಮನೆಗೆ ಬರುವಾಗ ಅವನು ಇಬ್ಬರ ಕೈಯನ್ನೂ ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದ ಎಂದು ಕೇಳಿರಲಿಲ್ಲ.

ಹಾಗಾದರೆ ಬೋರ್ಡು ಹರಿಯುವ ಮೊದಲೇ ಕಾಕಾ ಹೋಗುವುದು ಖಾತ್ರಿಯಿತ್ತು. ನಿರುಪಮಾ ದಾಳವನ್ನು ಅಂಗೈಯಲ್ಲಿ ತಿರುಗಿಸಿದಳು.

ಕೋಲೂರುವ ಸದ್ದು ಕೇಳಿಸಿತು. ಆಯಿ ಬಂದು, ಗೋಡೆ ಹಿಡಿದು, ಮೊಣಕಾಲು ಮಡಿಸಿ ಎದುರು ಕೂತಳು. ಬೋರ್ಡಿನ ಅಂಚನ್ನು ಎತ್ತಿ ತನ್ನ ಸೀರೆಯ ದಡಿ ನೋಡಿದಳು. ಅದರ ಮೇಲಿನ ಹಸಿರು ಬೆರಳಿನ ಗುರುತನ್ನೂ ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

“ನಂದು ಯಾವ ಬಣ್ಣ?”

ನಿರುಪಮಾ ಆಯಿಯ ಮುಖ ನೋಡಿದಳು. “ಆಯಿ, ದಾಳ ಉರುಳಿದ್ರ...”

“ಯಾವ ಬಣ್ಣ ಹೇಳ.”

“ಹಸರೊಂದ ಬ್ಯಾಡ.”

“ಹಸರು ನನಗೂ ಬ್ಯಾಡ. ಅದು ಮಡ್ಯಾಂದು.”

ಆಯಿ ನೀಲಿ ಕಾಯಿಗಳನ್ನು ಹತ್ತಿರ ಎಳೆದುಕೊಂಡಳು. ನಿರುಪಮಾ ದಾಳ ಎಸೆದಳು. ಅದು ಓಲಾಡಿ ಓಲಾಡಿ ನಿಂತಿತು.

“ಎರಡ,” ಎಂದಳು ಆಯಿ. “ಎಷ್ಟ ಬೀಳಬೇಕು?”

“ಆರು ಬೀಳೂತನಕ ಮನಿ ಬಿಟ್ಟು ಹೊರಗ ಬರಾಕ ಆಗೂದಿಲ್ಲ. ಈ ದಾಳ ಲಗೂ ಕೊಡೂದಿಲ್ಲ ಆಯಿ.”

“ಕೊಡದಿದ್ರ ಬಿಡಲಿ. ನನಗೇನ ಅವಸರ ಇಲ್ಲ,” ಎಂದು ಆಯಿ ದಾಳಕ್ಕಾಗಿ ಕೈ ಚಾಚಿದಳು.

ಅಡುಗೆಮನೆಯಲ್ಲಿ ಅವ್ವ ಮೂರು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಒಯ್ಯುತ್ತಿದ್ದಳು. ಮೂರನೆಯದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತು ಬೋರ್ಡಿನ ಕಡೆ ನೋಡಿದಳು. ನಿರುಪಮಾ ಕೆಂಪು ಕಾಯಿಗಳನ್ನು ತನ್ನ ಕಡೆಗೆ ಸರಿಸಿಕೊಂಡು, ಹಳದಿ ಕಾಯಿಗಳನ್ನು ಅವ್ವನಿಗಾಗಿ ಅವುಗಳ ಮನೆಯಲ್ಲಿ ಇಟ್ಟಳು. ಹಸಿರು ಮನೆ ಖಾಲಿ ಇತ್ತು. ಅದರ ಮೇಲೆ ಬಿದ್ದಿದ್ದ ಹತ್ತಿಯ ಎಳೆಯನ್ನು ಬೆರಳಿನಿಂದ ತೆಗೆದಳು.