ಎರಡು ಬೆರಳು ದಪ್ಪದ ಅಟ್ಟೆ

೨೦೦೩ರ ಜನವರಿ ೧೨, ರವಿವಾರ. ಮಧ್ಯಾಹ್ನ ೩ ಗಂಟೆ ೧೦ ನಿಮಿಷಕ್ಕೆ ಸವದತ್ತಿ ಠಾಣೆಗೆ ಏದುಸಿರು ಬಿಡುತ್ತ ಬಂದವರು ನಿವೃತ್ತ ಮಾಸ್ತರ ವೆಂಕಣ್ಣ. ಬೈಲಹೊಂಗಲದ ಬೆಳಗಿನ ನಡಿಗೆ ಸಂಘದ ಮುಖಂಡರು ಅವರು. ಆ ದಿನ ನಲವತ್ಮೂರು ಮಂದಿಯನ್ನು ಉಗರಗೋಳದ ಆಚೆಗಿನ ಕರೆವ್ವನ ಗುಡ್ಡ ಹತ್ತಿಸಿ ಇಳಿಸಿದ್ದರು. ಗರಡಿಯ ಪೈಲವಾನರೂ ಇದ್ದರು, ಊರುಗೋಲಿನವರೂ ಇದ್ದರು. ಸವದತ್ತಿಯಲ್ಲಿ ಊಟಕ್ಕೆ ಕುಳಿತಾಗ ಒಂದು ಎಲೆ ಖಾಲಿ ಉಳಿಯಿತು. ಅರವತ್ತೆಂಟರ ಸಾವಂತ್ರೆವ್ವ ಇರಲಿಲ್ಲ. ಎರಡು ಟೆಂಪೊಗಳವರೂ ಆಕೆ ಇನ್ನೊಂದರಲ್ಲಿ ಇದ್ದಾಳೆಂದು ತಿಳಿದಿದ್ದರು.

"ಇಳಿದ ಮ್ಯಾಲೆ ಎಣಸಲಿಲ್ಲೇನ್ರಿ?" ಪಿಎಸ್‌ಐ ಸಂಕೇತ ಕೇಳಿದರು.

"ಎಣಸೂದ ಬ್ಯಾಡ್ರಿ ಸಾಹೇಬ್ರ. ಗಿಡದ ಬುಡಕ ಚಪ್ಪಲಿ ಒಂದೂ ಉಳದಿರಲಿಲ್ಲ."

ಆ ಗುಡ್ಡವೇ ದೇವಿಯ ಮೈ ಎಂಬ ನಂಬಿಕೆ. ಯಾರೂ ಚಪ್ಪಲಿ ಮೆಟ್ಟಿ ಹತ್ತುವುದಿಲ್ಲ. ಎಲ್ಲರೂ ಕೆಳಗೆ ಬೇವಿನ ಗಿಡದ ಬುಡದಲ್ಲಿ ಸಾಲಾಗಿ ಬಿಡುತ್ತಾರೆ, ಇಳಿದವರು ತಮ್ಮದನ್ನು ಮೆಟ್ಟಿಕೊಳ್ಳುತ್ತಾರೆ. ಬುಡ ಖಾಲಿಯಾದರೆ ಗುಡ್ಡವೂ ಖಾಲಿ. ಏಳು ವರ್ಷ ಈ ಲೆಕ್ಕ ತಪ್ಪಿರಲಿಲ್ಲ, ಮಾಸ್ತರರಿಗೆ ಅದರ ಬಗ್ಗೆ ತುಸು ಜಂಬವೂ ಇತ್ತು.

ಮುದುಕಿಯ ಕೊರಳಲ್ಲಿ ಬಂಗಾರದ ಬೋರಮಾಳ ಸರ ಇತ್ತೆಂದು ತಿಳಿದದ್ದೇ ತಡ, ಪಿಎಸ್‌ಐ ಕೆಳಗಿಳಿದವಳನ್ನು ಸರದ ಆಸೆಗೆ ಯಾರೋ ಒಯ್ದಿದ್ದಾರೆಂದು ಲೆಕ್ಕ ಹಾಕಿದರು. ಕಾಣೆ ಪ್ರಕರಣ ದಾಖಲಿಸಿ, ಬಸ್‌ ನಿಲ್ದಾಣಗಳಿಗೆ ಪೇದೆಗಳನ್ನು ಅಟ್ಟಿದರು. ಮೂಲೆಯಲ್ಲಿ ಫಿರ್ಯಾದಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಉಳವಪ್ಪ ಪೆನ್ನು ನಿಲ್ಲಿಸಿದ. ಐವತ್ನಾಲ್ಕರ ಉಳವಪ್ಪನಿಗೆ ಹೊಟ್ಟೆ ಮುಂದೆ, ಮೊಣಕಾಲು ಹಿಂದೆ. ಆದರೆ ಬಿಟ್ಟ ಪ್ರಶ್ನೆಗಳನ್ನು ಹೆಕ್ಕುವುದರಲ್ಲಿ ಗಟ್ಟಿಗ.

"ಮಾಸ್ತರ, ಆಕೀ ಚಪ್ಪಲಿ ಎಂಥಾವ?"

ಮಾಸ್ತರರು ಹೇಳಿದರು. ಸಾವಂತ್ರೆವ್ವನ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಅದಕ್ಕಾಗಿ ಎಡ ಚಪ್ಪಲಿಗೆ ಎರಡು ಬೆರಳು ದಪ್ಪದ ಟೈರಿನ ಅಟ್ಟೆ ಹಚ್ಚಿಸಿದ್ದಳು.

೪ ಗಂಟೆ ೧೫ ನಿಮಿಷಕ್ಕೆ ಜೀಪು ಗುಡ್ಡದ ಬುಡ ಮುಟ್ಟಿತು. ಉಳವಪ್ಪ ಬೇವಿನ ಗಿಡದ ಸುತ್ತ ಧೂಳಿನಲ್ಲಿ ಬಗ್ಗಿ ಬಗ್ಗಿ ನೋಡಿದ. ನೂರಾರು ಹೆಜ್ಜೆಗಳ ನಡುವೆ ಟೈರಿನ ಎಡ ಅಟ್ಟೆ ಆಳವಾಗಿ ಊರಿದ ಗುರುತು ರಸ್ತೆಯಿಂದ ಗಿಡದ ತನಕ ಬಂದಿತ್ತು. ಅಲ್ಲಿಂದ ಹೊರಗೆ ಹೋದ ಗುರುತು ಒಂದೂ ಇರಲಿಲ್ಲ. ಉಳವಪ್ಪ ಎದ್ದು ಪಿಎಸ್‌ಐ ಕಡೆ ತಿರುಗಿದ.

"ಸರ್, ಚಪ್ಪಲಿ ಯಾರದೋ ಕೈಯಾಗ ಹೋಗ್ಯಾವ. ಮುದುಕಿ ಇನ್ನೂ ಮ್ಯಾಲೇ ಅದಾಳ."

ಹೊಸ ಸಾಹೇಬರು ತಮ್ಮ ಲೆಕ್ಕಕ್ಕೇ ಜೋತು ಬೀಳುವುದನ್ನು ಉಳವಪ್ಪ ಸಾಕಷ್ಟು ಕಂಡಿದ್ದ. ಸಂಕೇತ ಮಾತ್ರ ಕೂತು ಬೂಟು ಬಿಚ್ಚತೊಡಗಿದರು. ಅದಕ್ಕಾಗಿ ಉಳವಪ್ಪ ಅವರನ್ನು ಕೊನೆಯ ತನಕ ಮರೆಯಲಿಲ್ಲ.

ಹೊತ್ತು ಮುಳುಗಲು ಎರಡೇ ತಾಸು ಉಳಿದಿತ್ತು. ಮಾಘದ ಹತ್ತಿರದ ಆ ಚಳಿಯಲ್ಲಿ, ಆ ವಯಸ್ಸಿನಲ್ಲಿ, ಗುಡ್ಡದ ಮೇಲೆ ರಾತ್ರಿ ಕಳೆದವರು ಬೆಳಗು ಕಾಣುವುದು ಕಷ್ಟ. ಹಿಂದೆಯೇ ಟೆಂಪೊಗಳೂ ಬಂದವು. ಪೈಲವಾನರು ಮುಂದೆ ಓಡಿದರು, ಉಳಿದವರು ದಾರಿಯುದ್ದಕ್ಕೂ ಕೂಗಳತೆಯಲ್ಲಿ ಒಬ್ಬೊಬ್ಬರಾಗಿ ನಿಂತರು. ಊರುಗೋಲಿನವರು ಬುಡದಲ್ಲಿ ನಿಂತು ಕೂಗು ಹಾಕಿದರು. ೫ ಗಂಟೆ ೩೫ಕ್ಕೆ ಮೇಲಿಂದ ಉತ್ತರ ಬಾಯಿಂದ ಬಾಯಿಗೆ ಇಳಿದು ಬಂತು, ಸಿಕ್ಕಳು ಅಂತ.

ಗುಡ್ಡದ ತುದಿಯಲ್ಲಿನ ದೇವಿ ಗುಡಿಯ ಹಿಂದಿನ ಬಂಡೆಗಳ ಸಂದಿಯಲ್ಲಿ ಕಾಲು ಹೊರಳಿ ಬಿದ್ದಿದ್ದಳು. ಕೂಗಿ ಕೂಗಿ ದನಿ ಹೋಗಿತ್ತು, ಸರ ಕೊರಳಲ್ಲೇ ಇತ್ತು. ಪೈಲವಾನರು ಸರದಿಯ ಮೇಲೆ ಹೊತ್ತು ಇಳಿಸಿದರು. ಆಕೆ ದಾರಿಯಲ್ಲಿ ನಿಂತ ಒಬ್ಬೊಬ್ಬರ ಗಲ್ಲವನ್ನೂ ಮುಟ್ಟುತ್ತ ಬಂದಳು. ಮೊಣಕಾಲು ಹಿಡಿದುಕೊಂಡು ಅರ್ಧದಲ್ಲೇ ಕೂತಿದ್ದ ಉಳವಪ್ಪನ ಗಲ್ಲವೂ ತಪ್ಪಲಿಲ್ಲ.

ಇನ್ನು ಚಪ್ಪಲಿ. ಅಂಥದ್ದನ್ನು ಮೆಟ್ಟಿದರೆ ಸರಿಗಾಲಿನವರು ಕುಂಟಬೇಕಾಗುತ್ತದೆ. ಹಾಗಾದರೆ ಕದ್ದವನ ಮನೆಯಲ್ಲಿ ಎಡಗಾಲು ಗಿಡ್ಡವಿದ್ದವರು ಇರಲೇಬೇಕು. ಸೋಮವಾರ ಬೆಳಿಗ್ಗೆ ೭ ಗಂಟೆಗೆ ಉಗರಗೋಳದಲ್ಲಿ ಉಳವಪ್ಪ ಕೇಳಿದ್ದು ಅಷ್ಟನ್ನೇ. ಗುಡ್ಡದ ಬುಡದಲ್ಲಿ ಕಾಯಿ ಕರ್ಪೂರ ಮಾರುವ ಜಟ್ಟೆಪ್ಪನ ಮನೆ ತೋರಿಸಿದರು.

ಮನೆಯ ಮುಂದೆ ಆತನ ಮಗಳು, ಹತ್ತೊಂಬತ್ತರ ಸತ್ಯವ್ವ, ನಳದಿಂದ ಕೊಡ ಹೊತ್ತು ಬರುತ್ತಿದ್ದಳು. ನೆಟ್ಟಗೆ ನಡೆಯುತ್ತಿದ್ದಳು. ಉಳವಪ್ಪ ಆಕೆಯ ಕಾಲು ನೋಡಿದ, ಮುಖ ನೋಡಿದ. ಕೆಲಸ ಬೇಡವೆನಿಸಿತು. ಆದರೂ ಮಾಡಿದ. ಇಬ್ಬರು ಪಂಚರ ಮುಂದೆ ಚಪ್ಪಲಿಗಳನ್ನು ಜಪ್ತಿ ಮಾಡಿ ಪಂಚನಾಮೆ ಬರೆದು, ೮ ಗಂಟೆ ೨೦ಕ್ಕೆ ಕಲಂ ೩೭೯ರಡಿ ಜಟ್ಟೆಪ್ಪನನ್ನು ಬಂಧಿಸಿದ. ಸತ್ಯವ್ವ ಗೋಡೆ ಹಿಡಿದು ಒಳಗೆ ಹೋದಳು.

ಠಾಣೆಯಲ್ಲಿ ಜಟ್ಟೆಪ್ಪ ಯಾವುದನ್ನೂ ಮುಚ್ಚಿಡಲಿಲ್ಲ. "ಅಂಥಾ ಕಾಲಿನಾಕಿ ಗಿಡದ ತನಕಾ ನೆಟ್ಟಗ ನಡದ ಬಂದಿದ್ದ ನೋಡಿದ್ನಿರಿ. ಮಗಳಿಗೆ ಒಮ್ಮೆ ಹಾಕಿ ನೋಡಿ ಮತ್ತ ತಂದಿಡೂಣು ಅಂತ ಒಯ್ದೆ. ಅಕಿ ಗ್ವಾಡಿ ಬಿಟ್ಟು ನಡದ್ಲು. ಕಳೀ ಅನ್ನಾಕ ಬಾಯಿ ಬರಲಿಲ್ರಿ."

ಚಪ್ಪಲಿಯಿಂದ ತಲೆ ಎಣಿಸುತ್ತಾರೆಂದು ಆತನಿಗೆ ಗೊತ್ತೇ ಇರಲಿಲ್ಲ. ಮುದುಕಿ ಬರಿಗಾಲಲ್ಲಿ ಟೆಂಪೊ ಹತ್ತಿ ಹೋಗಿರಬೇಕೆಂದುಕೊಂಡಿದ್ದ. ಗುಡ್ಡದ ಮೇಲೆ ಆಕೆ ಸಿಕ್ಕ ಬಗೆಯನ್ನು ಪಿಎಸ್‌ಐ ಹೇಳಿದಾಗಲೇ ಆತನಿಗೆ ತಿಳಿದದ್ದು.

ಗುರುತು ಹೇಳಲು ಸಾವಂತ್ರೆವ್ವನನ್ನು ಕರೆಸಿದ್ದರು. ಚಪ್ಪಲಿ ತನ್ನವೇ ಎಂದು ಹೆಬ್ಬೆಟ್ಟು ಒತ್ತಿದಳು. ಸತ್ಯವ್ವನ ಸುದ್ದಿ ಆಗಲೇ ಕೇಳಿದ್ದ ಆಕೆ ಬಳಿಕ ಉಳವಪ್ಪನ ಕಡೆ ತಿರುಗಿ ಒಡಕು ದನಿಯಲ್ಲಿ ಕೇಳಿದಳು.

"ಅಕಿ ಕೊಡಾ ಹೊತಗೊಂಡ ನಡದಳೇನ್ರಿ?"

"ಹೌದ್ರಿ."

"ನಾ ನಲವತ್ತು ವರ್ಷ ಗ್ವಾಡಿ ಹಿಡದ ನಡದಾಕಿ. ಕೋರ್ಟಿನಾಗ ರಾಜಿ ಬರಕೊಡ್ತೇನಿ. ಅಕೀ ಕಾಲಿನ ಅಳತಿ ತಗೊಂಡ ಬರ್ರಿ."

ಆ ಮಧ್ಯಾಹ್ನ ನ್ಯಾಯಾಲಯಕ್ಕೆ ಒಯ್ಯುವಾಗ ಉಳವಪ್ಪ ಇದನ್ನು ಜೀಪಿನಲ್ಲಿ ಹೇಳಿದ. ಜಟ್ಟೆಪ್ಪ ಬೇಡಿಯ ಕೈಗಳನ್ನೇ ಎತ್ತಿ ಮುಗಿದ. ಬಿಡಿ ಎಂದು ಕೈ ಮುಗಿದವರನ್ನು ಉಳವಪ್ಪ ಮೂವತ್ತು ವರ್ಷ ನೋಡಿದ್ದ. ಈತ ಅದನ್ನು ಕೇಳಲಿಲ್ಲ.

"ಹೊತ್ತ ಮುಳಗೂದರಾಗ ಆ ಮುದುಕಿ ತನಕಾ ಮುಟ್ಟಿದ್ರಲ್ರಿ," ಎಂದ ಜಟ್ಟೆಪ್ಪ. "ಇಲ್ಲಾಂದ್ರ ನನ್ನ ಮಗಳು ಸತ್ತವರ ಚಪ್ಪಲಿ ಮೆಟ್ಟಿ ನಡೀತಿದ್ಲು."