ಎಣ್ಣೆ ಒಣಗುವ ಮುನ್ನ

“ಈ ಹಲಗೇನ ಮಾತ್ರ ಬರಿಗೈಲಿ ಮುಟ್ಟಬೇಡಮ್ಮ. ಕೈಗವಸು ಬಿಚ್ಚಲೇಬೇಡ.”

ಮಲಗಿದ ಹಾವನ್ನು ಇಳಿಸುವಂತೆ ಯಜಮಾನರು ಕೈಗವಸು ತೊಟ್ಟೇ ಅದನ್ನು ಮೇಜಿನ ಮೇಲಿಟ್ಟರು. ಗಿಟಾರಿನ ಕತ್ತಿನ ಮೇಲೆ, ತಂತಿಗಳ ಕೆಳಗೆ ಕೂರುವ ಬೆರಳುಪಟ್ಟಿ. ದೂರದ ಯಾವುದೋ ಕಾಡಿನ ಕರಿಮರ. ಮೈತುಂಬ ಹೊಗೆ ಸುರುಳಿ ಬಿಟ್ಟಂಥ ಕಂದು ಗೆರೆ.

“ಯಾಕೆ ಯಜಮಾನ್ರೇ, ಕಚ್ಚುತ್ತಾ?” ಪಾಲಿಶಿನವಳು ನಕ್ಕಳು. ಕುರ್ಚಿ, ಮಂಚಗಳಲ್ಲಿ ಪಳಗಿದ ಕೈ. ಗಿಟಾರಿನ ಅಂಗಡಿಗೆ ಹೊಸಬಳು.

“ನಗಬೇಡ. ಇದನ್ನ ಕೊಯ್ಯೋವಾಗ ಒಬ್ಬನ ಕೈ ಗರಗಸಕ್ಕೆ ಸಿಕ್ತು. ಮಿಲ್ಲಿನೋರು ಗರಗಸ ನಿಲ್ಲಿಸಲಿಲ್ಲ. ಅವನ ತಾಯಿ ಮಾಟ ಮಾಡಿಸಿದ್ಲು. ಮುಟ್ಟಿದೋರ ಕೈಯ ಜೀವ ಮರಕ್ಕೆ ಹೋಗುತ್ತೆ. ಇನ್ನೊಬ್ರು ಮುಟ್ಟಿದ್ರೆ ಮಾಟ ಅವರಿಗೆ ದಾಟಿ ಮೊದಲಿನೋರ ಜೀವ ವಾಪಸ್ ಬರುತ್ತೆ, ಒಮ್ಮೆ ಬಿಟ್ಟೋರಿಗೆ ಮತ್ತೆ ಹತ್ತಲ್ಲ. ನೀನು ಹಚ್ಚೋ ಎಣ್ಣೆ ಒಣಗಿಬಿಟ್ರೆ ಮಾಟ ಒಳಗೇ ಕಟ್ಟಿಹೋಗುತ್ತೆ, ಆಮೇಲೆ ಯಾರು ಮುಟ್ಟಿದ್ರೂ ಏನಿಲ್ಲ, ಹೋದ ಜೀವ ವಾಪಸೂ ಬರಲ್ಲ.”

“ಒಳ್ಳೇ ಅಡಗೂಲಜ್ಜಿ ಕತೆ!”

ಉಪ್ಪುಕಾಗದದಿಂದ ಉಜ್ಜಿದಳು. ಮೆಣಸಿನಂತೆ ಮೂಗಿಗೇರುವ ಕರಿಪುಡಿ. ಅಗಸೆ ಎಣ್ಣೆ ಸವರಿದಾಗ ಗೆರೆಗಳು ಒಳಗಿನಿಂದ ಎದ್ದು ಬಂದವು. ಬಟ್ಟೆಯಲ್ಲಿ ಒರೆಸಿದಳು. ನುಣುಪು ಕೂತಿದೆಯೇ ಎಂಬುದನ್ನು ಕಣ್ಣು ಹೇಳಲಾರದು, ಬೆರಳೇ ಹೇಳಬೇಕು. ಅದು ಅವಳ ಕಸುಬಿನ ಅಭ್ಯಾಸ. ಕೈಗವಸು ಕಳಚಿ, ಬಲಗೈಯನ್ನು ಹಲಗೆಯ ಉದ್ದಕ್ಕೂ ಎಳೆದಳು.

ಬೆಚ್ಚಗಿತ್ತು. ಆಮೇಲೆ ಏನೂ ಇರಲಿಲ್ಲ.

ಚಹಾದ ಲೋಟ ಹಿಡಿದಳು. ಹಬೆ ಏಳುತ್ತಿತ್ತು. ಬಿಸಿ ತಗಲಲಿಲ್ಲ. ಅಂಗೈ ಕೆಂಪಾಗುವುದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತಳು. ಅಳು ಬರಬೇಕಿತ್ತು. ಬರಲಿಲ್ಲ. ಕೈ ಹೋದರೆ ಕಸುಬು ಹೋಯಿತು. ಎದೆಹಾಲು ಬಿಡದ ಮಗುವಿನ ಕೆನ್ನೆಯೂ ಹೋಯಿತು. ಹಾಗಂತ ಲೆಕ್ಕ ಹಾಕಿದಳು, ಅಷ್ಟೇ.

ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಮಧ್ಯಾಹ್ನವೇ ಮನೆಗೆ ನಡೆದಳು. ಯಾರಿಗೆ ದಾಟಿಸಬೇಕೆಂದು ದಾರಿಯಲ್ಲೇ ತೀರ್ಮಾನವಾಗಿತ್ತು. ನಾಚಿಕೆಯಾಗಬೇಕಿತ್ತು. ಅದೂ ಮರಗಟ್ಟಿತ್ತು.

“ಬಂದ್ಯಾ ಮಹಾರಾಣಿ?” ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಪಾತ್ರೆ ತೊಳೆಯುತ್ತಿದ್ದಳು. “ನಿನ್ನ ಕುಮಾರಕಂಠೀರವ ನನ್ನ ತಲೇಲಿ ನಾಲ್ಕು ಕೂದಲು ಉಳಿಸಿಲ್ಲ ನೋಡು!”

“ಅತ್ತೆ, ಇದನ್ನ ಮುಟ್ಟಿ ನೋಡಿ. ಎಷ್ಟು ನುಣುಪು ಬಂದಿದೆ.” ಬಟ್ಟೆ ಬಿಚ್ಚಿ ಹಿಡಿದಳು.

“ಅಬ್ಬಾ, ರೇಷ್ಮೆ ಇದ್ದಂಗಿದೆಯಲ್ಲೇ! ತಡಿ, ಒದ್ದೆ ಕೈ. ನಿನ್ನ ಕೆಲಸ ಹಾಳಾದೀತು, ಒರೆಸ್ಕೋತೀನಿ.”

ಅತ್ತೆ ಬಟ್ಟೆಗಾಗಿ ಅತ್ತ ತಿರುಗಿದಳು. ಸೊಂಟದ ಮೇಲಿನ ಮಗು ಇತ್ತ ಬಾಗಿತು. ಹೊಳೆಯುವ ಗೆರೆ. ಪುಟ್ಟ ಅಂಗೈ.

ಅವಳು ಹಲಗೆಯನ್ನು ಹಿಂದೆಳೆದಳು. ತಡವಾಗಿತ್ತು.

ಅವಳ ಬಲಗೈಗೆ ಬೆಂಕಿ ಹತ್ತಿತು. ಸುಟ್ಟ ಉರಿ. ಎಣ್ಣೆಯ ಜಿಗುಟು. ಎಲ್ಲವೂ ಬಂತು. ವಾಪಸ್ ತಗೋ, ವಾಪಸ್ ತಗೋ. ಎರಡೂ ಅಂಗೈ ಹಲಗೆಗೆ ಒತ್ತಿದಳು. ಉಜ್ಜಿದಳು. ಜಿಗುಟು ಕಡಿಮೆಯಾಯಿತು. ಮತ್ತೆ ಉಜ್ಜಿದಳು. ಅವಳ ಕೈಯ ಬಿಸಿಗೇ ಎಣ್ಣೆ ಹೀರಿಕೊಂಡಿತು. ಒಣಗಿತು. ಒಂದೊಂದು ಗೆರೆಯೂ ಬೆರಳಿಗೆ ಸ್ಪಷ್ಟವಾಗಿ ತಾಕುತ್ತಿತ್ತು.

“ಏನಾಯ್ತೇ ನಿಂಗೆ? ಯಾಕೆ ಹಂಗೆ ತಿಕ್ತಿದೀಯ?”

ಅವಳು ಹಲಗೆ ಬಿಟ್ಟಳು. ಮಗುವಿನ ಅಂಗೈ ಹಿಡಿದಳು. ಮೆತ್ತಗೆ, ಬೆಚ್ಚಗೆ ಇತ್ತು. ಮೊದಲು ಮೆಲ್ಲನೆ ಚಿವುಟಿದಳು. ಆಮೇಲೆ ಉಗುರು ಊರಿ.

ಮಗು ಅಜ್ಜಿಯ ಮುಖ ನೋಡಿ ನಗುತ್ತಲೇ ಇತ್ತು.